ಕ್ಯೂಆರ್ ಕೋಡ್: ಅಚ್ಚಿಗೆ ಕೊಡುವ ಮೊದಲು

ಕ್ಯೂಆರ್ ಕೋಡ್ ಬಗ್ಗೆ ಏನೇ ಅನುಮಾನ ಇದ್ದರೂ ಬರೆದು ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳನ್ನೆಲ್ಲ ಓದಿದೆ. ಜಾಸ್ತಿ ಜನರದು ಒಂದೇ ಗೋಳು: ಅಚ್ಚಾಗಿ ಬಂದ ಮೇಲೆ ತಪ್ಪು ಗೊತ್ತಾಯಿತು. ಕೋಡ್ ಮಾಡುವುದು ಅರ್ಧ ನಿಮಿಷದ ಕೆಲಸ, ಆದರೆ ಒಮ್ಮೆ ಕಾಗದದ ಮೇಲೆ ಕೂತರೆ ಒಂದು ಚುಕ್ಕಿಯನ್ನೂ ತಿದ್ದಲು ಆಗುವುದಿಲ್ಲ. ಅದಕ್ಕೇ ಕೆಲವು ಉತ್ತರ ಉದ್ದವಾಗಿವೆ.

ಪ್ರಶ್ನೆ: ವಿಸಿಟಿಂಗ್ ಕಾರ್ಡ್ ಮಾಡಿಸಿದೆ. ಕಂಪ್ಯೂಟರ್ ಪರದೆಯ ಮೇಲೆ ಚೆನ್ನಾಗಿ ಸ್ಕ್ಯಾನ್ ಆಗುತ್ತಿದ್ದ ಕೋಡ್ ಕಾರ್ಡಿನ ಮೇಲೆ ಆಗುತ್ತಲೇ ಇಲ್ಲ. ಹತ್ತಿರ ಹಿಡಿದರೆ ಮಸುಕು, ದೂರ ಹಿಡಿದರೆ ಫೋನಿಗೆ ಕಾಣುವುದೇ ಇಲ್ಲ. ತಪ್ಪು ಪ್ರೆಸ್‌ನವರದ್ದೋ ನನ್ನದೋ? ಒಂದು ಕಾರ್ಡ್ ಜೊತೆಗಿಟ್ಟಿದ್ದೇನೆ.

ಕಾರ್ಡ್ ಕಳಿಸಿದ್ದು ಒಳ್ಳೆಯದಾಯಿತು. ಭೂತಗನ್ನಡಿ ಹಿಡಿದು ಎಣಿಸಿದೆ. ಒಂದು ಬದಿಗೆ 57 ಚೌಕ ಇವೆ. ಅಷ್ಟು ಗೊತ್ತಾದರೆ ಉಳಿದದ್ದು ಲೆಕ್ಕ.

ಕ್ಯೂಆರ್ ಕೋಡ್‌ನಲ್ಲಿ ಒಟ್ಟು 40 ಅಳತೆಗಳಿವೆ. ಮೊದಲನೆಯದಕ್ಕೆ ಬದಿಗೆ 21 ಚೌಕ, ಆಮೇಲೆ ಒಂದೊಂದಕ್ಕೂ ನಾಲ್ಕು ನಾಲ್ಕು ಜಾಸ್ತಿ, ನಲವತ್ತನೆಯದಕ್ಕೆ 177. ಒಳಗೆ ತುಂಬುವ ಅಕ್ಷರ ಜಾಸ್ತಿಯಾದಷ್ಟೂ ಚೌಕ ಜಾಸ್ತಿ. ನಿಮ್ಮ ಲಿಂಕ್ ನೋಡಿ, ಹತ್ತಿರ ಹತ್ತಿರ 200 ಅಕ್ಷರ ಇದೆ. ನಿಜವಾದ ವಿಳಾಸ ಮೊದಲ ಸಾಲಲ್ಲೇ ಮುಗಿದಿದೆ. ಪ್ರಶ್ನಾರ್ಥಕ ಚಿಹ್ನೆ ಆದಮೇಲೆ ಬರುವ ಬಾಲವೆಲ್ಲ ಯಾರು ಎಲ್ಲಿಂದ ಬಂದರು ಅಂತ ಲೆಕ್ಕ ಇಡೋದಕ್ಕೆ ಸೇರಿಕೊಂಡದ್ದು. ಬ್ರೌಸರ್‌ನಿಂದ ಸುಮ್ನೆ ಕಾಪಿ ಮಾಡಿ ಹಾಕಿದ್ದೀರಿ ಅನಿಸುತ್ತೆ.

ಅದೇ ಲಿಂಕ್ 26 ಅಕ್ಷರದ್ದಾಗಿದ್ದರೆ ಬದಿಗೆ 25 ಚೌಕ ಸಾಕಿತ್ತು. ನಿಮ್ಮ ಕಾರ್ಡಿನಲ್ಲಿ ಕೋಡಿಗೆ ಬಿಟ್ಟಿರುವ ಜಾಗ, ಸುತ್ತಲಿನ ಖಾಲಿ ಅಂಚೂ ಸೇರಿ, ಎರಡೂವರೆ ಸೆಂಟಿಮೀಟರ್. ಅಷ್ಟರೊಳಗೆ 57 ಚೌಕ, ಎರಡೂ ಕಡೆ ನಾಲ್ಕು ನಾಲ್ಕು ಚೌಕದಷ್ಟು ಖಾಲಿ ಅಂಚು ತುಂಬಿದರೆ ಒಂದೊಂದು ಚೌಕ 0.38 ಮಿಲಿಮೀಟರ್. 25 ಚೌಕ ಇದ್ದಿದ್ದರೆ 0.76, ಹತ್ತಿರ ಹತ್ತಿರ ಎರಡು ಪಟ್ಟು. ಫೋನಿನ ಕ್ಯಾಮೆರಾಕ್ಕೆ ಇದು ದೊಡ್ಡ ವ್ಯತ್ಯಾಸ. ಕಾಗದದಲ್ಲಿ ಇಂಕ್ ಸ್ವಲ್ಪ ಹರಡುತ್ತೆ ಅಲ್ವಾ, ಅರ್ಧ ಮಿಲಿಮೀಟರ್ ಕೂಡ ಇಲ್ಲದ ಚೌಕ ಆ ಹರಡುವಿಕೆಯಲ್ಲೇ ಪಕ್ಕದ್ದಕ್ಕೆ ಅಂಟಿಕೊಳ್ಳುತ್ತೆ.

ಪ್ರೆಸ್‌ನವರದ್ದೂ ಸ್ವಲ್ಪ ಪಾಲಿದೆ. ಕಪ್ಪನ್ನು ನಾಲ್ಕೂ ಬಣ್ಣ ಸೇರಿಸಿ ಹಾಕಿದ್ದಾರೆ. ಚೌಕಗಳ ಅಂಚಿನಲ್ಲಿ ನೀಲಿ, ಕೆಂಪು ಇಣುಕುತ್ತಿರುವುದು ಕನ್ನಡಿಯಲ್ಲಿ ಕಾಣುತ್ತೆ, ಅಂದರೆ ಒಂದು ಬಣ್ಣ ಕೂದಲೆಳೆಯಷ್ಟು ಜರುಗಿದೆ. ಮುಂದಿನ ಸಲ ಬರೀ ಕಪ್ಪು ಇಂಕಿನಲ್ಲೇ ಹಾಕಿ ಅಂತ ಹೇಳಿ. ಕೋಡನ್ನು ಎಸ್‌ವಿಜಿ ಅಥವಾ ಪಿಡಿಎಫ್ ಫೈಲಾಗಿ ಕೊಡಿ. ಜೆಪೆಗ್ ಬೇಡವೇ ಬೇಡ, ಮೆಸೇಜಿಂಗ್ ಆ್ಯಪ್‌ನಲ್ಲಿ ಫೋಟೊ ಥರ ಕಳಿಸುವುದೂ ಬೇಡ. ಅಲ್ಲಿ ಚಿತ್ರ ಕುಗ್ಗಿ ಅಂಚುಗಳು ಮಸುಕಾಗುತ್ತವೆ.

ಇನ್ನೊಂದು. ಕೋಡಿನ ನಾಲ್ಕೂ ಬದಿಗೆ ನಾಲ್ಕು ಚೌಕದಷ್ಟು ಅಗಲ ಖಾಲಿ ಬಿಡಬೇಕು. ಅದು ಅಲಂಕಾರಕ್ಕೆ ಬಿಟ್ಟ ಜಾಗ ಅಲ್ಲ, ಕೋಡ್ ಎಲ್ಲಿ ಶುರುವಾಯಿತು ಅಂತ ಫೋನಿಗೆ ತಿಳಿಯುವುದೇ ಅದರಿಂದ. ನಿಮ್ಮ ಕಾರ್ಡಿನಲ್ಲಿ ಎಡಗಡೆ ಒಂದು ಬಂಗಾರದ ಗೆರೆ ಕೋಡಿಗೆ ತಾಗಿಕೊಂಡೇ ಇಳಿದಿದೆ. ಅದನ್ನು ತೆಗೆಸಿ.

ಪ್ರಶ್ನೆ: ಕೋಡ್ ಮಧ್ಯೆ ನಮ್ಮ ಲೋಗೊ ಹಾಕಬೇಕು. ಎಷ್ಟು ದೊಡ್ಡದು ಹಾಕಬಹುದು? ಶೇಕಡಾ 30ರಷ್ಟು ಮುಚ್ಚಿದರೂ ನಡೆಯುತ್ತೆ ಅಂತ ಒಬ್ಬರು ಹೇಳಿದರು.

ಆ 30 ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಕೋಡಿನೊಳಗೆ ನಿಮ್ಮ ಮಾಹಿತಿ ಮಾತ್ರ ಇರುವುದಿಲ್ಲ, ಕೆಟ್ಟರೆ ಸರಿಪಡಿಸಿಕೊಳ್ಳಲು ಒಂದಷ್ಟು ಹೆಚ್ಚುವರಿ ಮಾಹಿತಿಯೂ ಇರುತ್ತೆ. ಇದರ ಹಿಂದಿನ ಗಣಿತ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲಮನ್ 1960ರಲ್ಲಿ ಕೊಟ್ಟದ್ದು. ಗೀರು ಬಿದ್ದ ಸಿಡಿ ಹಾಡುತ್ತಿದ್ದುದೂ ಇದರಿಂದಲೇ. ಕ್ಯೂಆರ್ ಕೋಡ್‌ನಲ್ಲಿ ಇದಕ್ಕೆ ನಾಲ್ಕು ಮಟ್ಟಗಳಿವೆ. ಎಲ್ ಅಂದರೆ ಸುಮಾರು ಶೇಕಡಾ 7ರಷ್ಟು ಕೆಟ್ಟರೂ ಓದಬಹುದು. ಎಂ ಅಂದರೆ 15, ಕ್ಯೂ ಅಂದರೆ 25, ಎಚ್ ಅಂದರೆ 30.

ಆದರೆ ಆ 30 ಇರುವುದು ಮಾಹಿತಿಯ ತುಣುಕುಗಳ ಲೆಕ್ಕದಲ್ಲಿ, ಚಿತ್ರದ ಜಾಗದ ಲೆಕ್ಕದಲ್ಲಿ ಅಲ್ಲ. ಎಂಟು ಚೌಕ ಸೇರಿ ಒಂದು ತುಣುಕು. ಲೋಗೊದ ಅಂಚು ಒಂದು ತುಣುಕಿನ ಒಂದೇ ಚೌಕವನ್ನು ಕೆಡಿಸಿದರೂ ಇಡೀ ತುಣುಕು ಕೆಟ್ಟಂತೆಯೇ ಲೆಕ್ಕ. ಜೊತೆಗೆ, ಲೋಗೊ ಮುಚ್ಚಿದ್ದು ಮಾತ್ರ ನಷ್ಟ ಅಲ್ಲ. ನಾಳೆ ಮೇಲೆ ಧೂಳು ಕೂರುತ್ತೆ, ಮೂಲೆ ಮಡಚುತ್ತೆ, ಟ್ಯೂಬ್‌ಲೈಟ್ ಹೊಳಪು ಬೀಳುತ್ತೆ. ಅವೆಲ್ಲಕ್ಕೂ ಖರ್ಚಾಗುವುದು ಇದೇ ಉಳಿತಾಯ. ನೀವು ಮೊದಲೇ ಎಲ್ಲ ಖಾಲಿ ಮಾಡಿದರೆ ಆಮೇಲೆ ಏನುಳಿಯುತ್ತೆ? ನಾನು ಎಚ್ ಮಟ್ಟ ಇಟ್ಟರೂ ಕೋಡಿನ ಹತ್ತರಲ್ಲೊಂದು ಭಾಗಕ್ಕಿಂತ ದೊಡ್ಡ ಲೋಗೊ ಹಾಕುವುದಿಲ್ಲ.

ಎಚ್ ಮಟ್ಟ ಪುಕ್ಕಟೆ ಬರುವುದೂ ಇಲ್ಲ. ಮೇಲೆ ಹೇಳಿದ 26 ಅಕ್ಷರದ ಲಿಂಕ್ ಎಂ ಮಟ್ಟದಲ್ಲಿ 25 ಚೌಕದಲ್ಲಿ ಕೂರುತ್ತೆ, ಎಚ್‌ಗೆ ಹೋದರೆ 33 ಬೇಕು. ಅಂದರೆ ಲೋಗೊ ಬೇಕು ಅನ್ನುವವರು ಲಿಂಕನ್ನು ಇನ್ನೂ ಚಿಕ್ಕದು ಮಾಡಬೇಕು, ಇಲ್ಲವೇ ಕೋಡನ್ನು ದೊಡ್ಡದಾಗಿ ಅಚ್ಚು ಮಾಡಬೇಕು.

ಮೂರು ಮೂಲೆಯ ದೊಡ್ಡ ಚೌಕಗಳನ್ನು ಮಾತ್ರ ಮುಟ್ಟಬೇಡಿ. ಅವಕ್ಕೆ ಈ ರಿಪೇರಿ ಸೌಲಭ್ಯ ಇಲ್ಲ. ನಟ್ಟನಡುವೆ ಹಾಯುವಂತೆ ಒಂದು ಗೆರೆ ಎಳೆದರೆ ಅವುಗಳಲ್ಲಿ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು ಅನ್ನುವುದು 1:1:3:1:1 ಅಳತೆಯಲ್ಲಿ ಸಿಗುತ್ತೆ, ಯಾವ ಕಡೆಯಿಂದ ಎಳೆದರೂ ಅದೇ. ಈ ಅಳತೆಯನ್ನು ಸುಮ್ನೆ ಆರಿಸಿದ್ದಲ್ಲ. ಕೋಡ್ ರೂಪಿಸಿದವರು ಕರಪತ್ರ, ಪತ್ರಿಕೆ, ರಟ್ಟಿನ ಡಬ್ಬ, ಹೀಗೆ ಅಚ್ಚಾದದ್ದನ್ನೆಲ್ಲ ಗುಡ್ಡೆ ಹಾಕಿಕೊಂಡು ಕಪ್ಪು ಬಿಳುಪಿನ ಯಾವ ಅಳತೆ ತೀರಾ ಅಪರೂಪ ಅಂತ ಹುಡುಕಿ ತೆಗೆದದ್ದು. ಮೂಲೆಯ ಚೌಕವನ್ನು ಹೃದಯದ ಆಕಾರಕ್ಕೋ ಹೂವಿನ ಆಕಾರಕ್ಕೋ ತಿರುಗಿಸಿದರೆ ಆ ಶ್ರಮವೆಲ್ಲ ನೀರಿನಲ್ಲಿ ಹೋಮ. ಮೂಲೆಗಳನ್ನು ತುಸು ದುಂಡಗೆ ಮಾಡಿದರೆ ತೊಂದರೆಯಿಲ್ಲ.

ಪ್ರಶ್ನೆ: ನಮ್ಮ ಬ್ರ್ಯಾಂಡ್ ಬಣ್ಣ ಕೆಂಪು. ಕೆಂಪು ಕೋಡ್ ಮಾಡಬಹುದಾ? ಕಪ್ಪು ಹಿನ್ನೆಲೆಯಲ್ಲಿ ಬಿಳಿ ಚೌಕ?

ಫೋನಿಗೆ ಗಾಢ ಕೆಂಪು ಓಕೆ. ಆದರೆ ಸರಕಿನ ಮೇಲೆ, ಕೌಂಟರ್‌ನಲ್ಲಿ ಬಳಸುವ ಸ್ಕ್ಯಾನರ್ ಯಂತ್ರಗಳಲ್ಲಿ ಅನೇಕವು ಕೆಂಪು ಬೆಳಕು ಬಿಟ್ಟು ಓದುತ್ತವೆ. ಕೆಂಪು ಬೆಳಕಿನಲ್ಲಿ ಕೆಂಪು ಇಂಕ್ ಬಿಳಿಯಂತೆಯೇ ಕಾಣುತ್ತೆ, ಕೋಡೇ ಮಾಯ. ಅಂಥ ಕಡೆ ಬಳಸುವುದಾದರೆ ಬೇಡ.

ಬಿಳಿ ಚೌಕ, ಕಪ್ಪು ಹಿನ್ನೆಲೆ ಕೆಲವು ಆ್ಯಪ್‌ಗಳು ಓದುತ್ತವೆ, ಕೆಲವು ಓದುವುದಿಲ್ಲ. ಯಾರ ಕೈಯಲ್ಲಿ ಯಾವ ಫೋನ್ ಇರುತ್ತೋ ನಿಮಗೆ ಗೊತ್ತಿಲ್ಲ. ಗಾಢ ಹಿನ್ನೆಲೆಯೇ ಬೇಕಾದರೆ ಅದರ ಮೇಲೊಂದು ಬಿಳಿ ಪೆಟ್ಟಿಗೆ ಇಟ್ಟು, ಖಾಲಿ ಅಂಚು ಸಮೇತ ಕೋಡನ್ನು ಅದರೊಳಗೆ ಕೂರಿಸಿ. ಹಳದಿ, ತಿಳಿಹಸಿರು ಚೌಕಗಳಿಗೆ ಕೈ ಹಾಕಬೇಡಿ. ಅನುಮಾನ ಇದ್ದರೆ ಕೋಡಿನ ಚಿತ್ರವನ್ನು ಕಪ್ಪು ಬಿಳುಪು ಮಾಡಿ ನೋಡಿ. ಚೌಕಗಳು ಆಗಲೂ ಎದ್ದು ಕಂಡರೆ ಸರಿ.

ಪ್ರಶ್ನೆ: ಕೆಲವು ತಿಂಗಳ ಹಿಂದೆ ಒಂದು ವೆಬ್‌ಸೈಟಿನಲ್ಲಿ ಉಚಿತವಾಗಿ ಕೋಡ್ ಮಾಡಿಕೊಂಡು ಸಾವಿರ ಕರಪತ್ರ ಅಚ್ಚು ಹಾಕಿಸಿದೆವು. ಈಗ ಸ್ಕ್ಯಾನ್ ಮಾಡಿದರೆ "ಈ ಕೋಡ್ ಚಾಲ್ತಿಯಲ್ಲಿಲ್ಲ, ಚಂದಾ ಕಟ್ಟಿ" ಅಂತ ಬರುತ್ತಿದೆ. ಕ್ಯೂಆರ್ ಕೋಡಿಗೂ ಅವಧಿ ಇರುತ್ತಾ?

ಇಲ್ಲ. ಕ್ಯೂಆರ್ ಕೋಡಿಗೆ ಅವಧಿಯೇ ಇಲ್ಲ. ಅದು ಕಾಗದದ ಮೇಲೆ ಬೇರೆ ಲಿಪಿಯಲ್ಲಿ ಬರೆದ ಅಕ್ಷರ, ಅಷ್ಟೇ. ಇಂಕ್ ಮಾಸುವವರೆಗೆ ಓದಬಹುದು. ಚಂದಾ ತೀರಿರುವುದು ಕೋಡಿನದ್ದಲ್ಲ, ಅದರೊಳಗಿರುವ ವಿಳಾಸದ್ದು.

ನಿಮಗೆ ಆಗಿದ್ದು ಇದು. ನೀವು ನಿಮ್ಮ ವಿಳಾಸ ಕೊಟ್ಟಿರಿ. ಆ ವೆಬ್‌ಸೈಟ್ ಅದನ್ನು ಕೋಡಿನೊಳಗೆ ಹಾಕಲಿಲ್ಲ. ತನ್ನದೇ ಒಂದು ಚಿಕ್ಕ ವಿಳಾಸ ಹಾಕಿ, ಅಲ್ಲಿಗೆ ಬಂದವರನ್ನು ನಿಮ್ಮ ಪುಟಕ್ಕೆ ದಾಟಿಸುತ್ತಿತ್ತು. ಇದಕ್ಕೆ ಡೈನಾಮಿಕ್ ಕೋಡ್ ಅನ್ನುತ್ತಾರೆ. ಈಗ ದಾಟಿಸುವುದನ್ನು ನಿಲ್ಲಿಸಿದ್ದಾರೆ. ಇಂಥ ಪೆಟ್ಟು ನಾನೂ ತಿಂದಿದ್ದೇನೆ. ಒಂದು ಕೈಪಿಡಿಯ ಕೊನೆಯ ಪುಟದಲ್ಲಿ ಹೀಗೇ ಒಂದು ಕೋಡ್ ಹಾಕಿ, ಕೈಪಿಡಿ ಎಲ್ಲರ ಕೈ ಸೇರಿದ ಮೇಲೆ ಅದು ಸತ್ತಿತು. ಉಳಿದ ಪ್ರತಿಗಳ ಮೇಲೆ ಒಂದೊಂದಾಗಿ ಹೊಸ ಸ್ಟಿಕ್ಕರ್ ಅಂಟಿಸುತ್ತ ಕೂತ ಆ ಮಧ್ಯಾಹ್ನ ಇನ್ನೂ ನೆನಪಿದೆ. ಕೈಬಿಟ್ಟು ಹೋದ ಪ್ರತಿಗಳಿಗೆ ಏನೂ ಮಾಡಲಾಗಲಿಲ್ಲ.

ನಿಮಗೂ ಈಗ ಇರುವುದು ಎರಡೇ ದಾರಿ: ಚಂದಾ ಕಟ್ಟುವುದು, ಇಲ್ಲವೇ ಸ್ಟಿಕ್ಕರ್ ಅಂಟಿಸುವುದು. ಇದನ್ನು ಬರೆಯಲು ಬೇಜಾರಾಗುತ್ತೆ, ಆದರೆ ಮೂರನೆಯದು ಇಲ್ಲ.

ಮುಂದಿನ ಸಲಕ್ಕೆ ಹೇಳುತ್ತೇನೆ. ಕೋಡ್ ಮಾಡಿದ ತಕ್ಷಣ ಫೋನಿನಲ್ಲಿ ಸ್ಕ್ಯಾನ್ ಮಾಡಿ, ಆದರೆ ಲಿಂಕನ್ನು ಒತ್ತಬೇಡಿ. ಪರದೆಯ ಮೇಲೆ ತೋರುವ ವಿಳಾಸ ಓದಿ. ನೀವು ಬರೆದದ್ದೇ ಅಕ್ಷರಕ್ಕೆ ಅಕ್ಷರ ಬಂದರೆ ಅದು ಸ್ಥಿರ ಕೋಡ್, ಮಾಡಿಕೊಟ್ಟ ವೆಬ್‌ಸೈಟ್ ನಾಳೆ ಮುಚ್ಚಿಹೋದರೂ ನಿಮಗೆ ಚಿಂತೆಯಿಲ್ಲ. ಬೇರೆ ಯಾವುದೋ ಹೆಸರು ಕಂಡರೆ ಅಲ್ಲೇ ನಿಲ್ಲಿಸಿ.

ಡೈನಾಮಿಕ್ ಕೋಡ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅಚ್ಚಾದ ಮೇಲೂ ಬೇರೆ ಪುಟಕ್ಕೆ ತಿರುಗಿಸಬಹುದು, ಎಷ್ಟು ಸಲ ಸ್ಕ್ಯಾನ್ ಆಯಿತು ಅಂತ ತಿಳಿಯಬಹುದು. ಆದರೆ ಆ ತಿರುಗಿಸುವ ಕೀಲಿ ನಿಮ್ಮ ಕೈಯಲ್ಲಿರಬೇಕು. ಸ್ವಂತ ಡೊಮೇನ್, ಅಂದರೆ ನಿಮ್ಮದೇ ಹೆಸರಿನ ವೆಬ್ ವಿಳಾಸ, ಇದ್ದರೆ ಅದರಲ್ಲೇ ಒಂದು ಪುಟ್ಟ ವಿಳಾಸ ಮಾಡಿ, ಹೆಸರಿನ ಮುಂದೆ ಓರೆಗೆರೆ, ಆಮೇಲೆ ಒಂದು ಅಂಕಿ ಸಾಕು. ಅದನ್ನು ಬೇಕಾದ ಪುಟಕ್ಕೆ ತಿರುಗಿಸಿ ಅಂತ ನಿಮ್ಮ ವೆಬ್‌ಸೈಟ್ ನೋಡಿಕೊಳ್ಳುವವರಿಗೆ ಹೇಳಿ. ತಾತ್ಕಾಲಿಕ ರೀಡೈರೆಕ್ಟ್, ಅಂದರೆ 302, ಇರಲಿ. ಶಾಶ್ವತದ್ದು, ಅಂದರೆ 301, ಹಾಕಿದರೆ ಬ್ರೌಸರ್‌ಗಳು ಹಳೆಯ ದಾರಿಯನ್ನೇ ನೆನಪಿಟ್ಟುಕೊಂಡು ಬಿಡುತ್ತವೆ, ಆಮೇಲೆ ನೀವು ಬದಲಾಯಿಸಿದ್ದು ಎಲ್ಲರಿಗೂ ಕಾಣುವುದಿಲ್ಲ. ಕರಪತ್ರಕ್ಕೊಂದು, ಪೋಸ್ಟರ್‌ಗೊಂದು ಬೇರೆ ಬೇರೆ ಅಂಕಿ ಕೊಟ್ಟರೆ ಎಲ್ಲಿಂದ ಜನ ಬಂದರು ಅನ್ನುವ ಲೆಕ್ಕವೂ ಸಿಗುತ್ತೆ, ಉದ್ದ ಬಾಲ ಬೇಕಾಗಿಲ್ಲ.

ಡೊಮೇನ್ ನವೀಕರಿಸುವುದನ್ನು ಮಾತ್ರ ಮರೆಯಬೇಡಿ. 2015ರಲ್ಲಿ ಜರ್ಮನಿಯ ಗ್ರಾಹಕರೊಬ್ಬರು ಹೈಂಜ್ ಕಂಪನಿಯ ಕೆಚಪ್ ಬಾಟಲಿಯ ಮೇಲಿದ್ದ ಕೋಡ್ ಸ್ಕ್ಯಾನ್ ಮಾಡಿದರೆ ವಯಸ್ಕರ ವೆಬ್‌ಸೈಟ್ ತೆರೆದುಕೊಂಡಿತು. ಹಳೆಯ ಸ್ಪರ್ಧೆಯೊಂದಕ್ಕೆ ತೆಗೆದುಕೊಂಡಿದ್ದ ಡೊಮೇನನ್ನು ಕಂಪನಿ ಬಿಟ್ಟಿತ್ತು, ಬೇರೆಯವರು ಅದನ್ನು ಕೊಂಡಿದ್ದರು. ಬಾಟಲಿ ಮಾತ್ರ ಇನ್ನೂ ಮೇಜಿನ ಮೇಲಿತ್ತು. ಕಂಪನಿ ಕ್ಷಮೆ ಕೇಳಬೇಕಾಯಿತು. ಅಚ್ಚಾದ ವಸ್ತು ಎಷ್ಟು ಕಾಲ ಜನರ ಕೈಯಲ್ಲಿರುತ್ತೋ ಅದಕ್ಕಿಂತ ಜಾಸ್ತಿ ಕಾಲ ಡೊಮೇನ್ ನಿಮ್ಮ ಹತ್ತಿರ ಇರಬೇಕು.

ಪ್ರಶ್ನೆ: ನಮ್ಮ ಇಮೇಲ್ ಸಹಿಯಲ್ಲಿ, ವೆಬ್‌ಸೈಟಿನಲ್ಲಿ ಕೋಡ್ ಹಾಕಿದರೆ ಹೇಗೆ?

ಫೋನಿನಲ್ಲೇ ಇಮೇಲ್ ಓದುವವರು ಅದನ್ನು ಯಾವುದರಿಂದ ಸ್ಕ್ಯಾನ್ ಮಾಡಬೇಕು? ಅಲ್ಲಿ ಒಂದು ಸಾದಾ ಲಿಂಕ್ ಹಾಕಿ.

ಪ್ರಶ್ನೆ: ಪೋಸ್ಟರ್‌ಗೆ ಕೋಡ್ ಎಷ್ಟು ದೊಡ್ಡದಿರಬೇಕು?

ನಿಂತು ನೋಡುವ ದೂರದ ಹತ್ತನೇ ಒಂದು ಭಾಗ. ಮೂರು ಮೀಟರ್ ದೂರದಿಂದ ಸ್ಕ್ಯಾನ್ ಮಾಡಬೇಕಾದರೆ 30 ಸೆಂಟಿಮೀಟರ್ ಅಗಲ. ಕೈಯಲ್ಲಿ ಹಿಡಿಯುವುದಕ್ಕೆ ಎರಡು ಸೆಂಟಿಮೀಟರ್‌ಗಿಂತ ಕಡಿಮೆ ಮಾಡಬೇಡಿ. ಚೌಕ ಜಾಸ್ತಿ ಇದ್ದರೆ ಇದೂ ಸಾಲದು. ಹೊಳೆಯುವ ಲ್ಯಾಮಿನೇಶನ್‌ಗಿಂತ ಮ್ಯಾಟ್ ಒಳ್ಳೆಯದು. ಆಮೇಲೆ ಕೋಡಿನ ಕೆಳಗೆ ಒಂದು ಸಾಲು ಬರೆಯಿರಿ, ಸ್ಕ್ಯಾನ್ ಮಾಡಿದರೆ ಏನು ಸಿಗುತ್ತೆ ಅಂತ. ಬರೀ "ಸ್ಕ್ಯಾನ್ ಮಾಡಿ" ಅಂದರೆ ಯಾಕೆ ಮಾಡಬೇಕು? ಚಿಕ್ಕ ವಿಳಾಸವನ್ನೂ ಅಕ್ಷರದಲ್ಲಿ ಅಚ್ಚು ಹಾಕಿ, ಕ್ಯಾಮೆರಾ ಕೆಟ್ಟವರು, ಕಣ್ಣು ಕಾಣದವರು, ಇನ್ನೊಬ್ಬರಿಗೆ ಫೋನಿನಲ್ಲಿ ಓದಿ ಹೇಳಬೇಕಾದವರು ಇರುತ್ತಾರೆ.

ಪ್ರಶ್ನೆ: ಕನ್ನಡದಲ್ಲೇ ಬರಹ ತುಂಬಬಹುದಾ? ಮನೆಯ ಅಟ್ಟದ ಮೇಲಿನ ಪೆಟ್ಟಿಗೆಗಳಿಗೆ ಒಳಗೇನಿದೆ ಅಂತ ಕೋಡ್ ಅಂಟಿಸುವ ಯೋಚನೆ.

ತುಂಬಬಹುದು, ಮತ್ತು ಇದು ನನಗೆ ತುಂಬ ಇಷ್ಟವಾದ ಯೋಚನೆ. ಬರಹವನ್ನೇ ನೇರವಾಗಿ ಹಾಕಿದರೆ ಇಂಟರ್‌ನೆಟ್ ಬೇಡ, ಖಾತೆ ಬೇಡ, ಅಟ್ಟದ ಮೇಲೆ ಸಿಗ್ನಲ್ ಸಿಗದಿದ್ದರೂ ಫೋನ್ ಹಿಡಿದರೆ ಪಟ್ಟಿ ಬರುತ್ತೆ.

ಕನ್ನಡ ಜಾಗ ಜಾಸ್ತಿ ತಿನ್ನುತ್ತೆ ಅನ್ನುವುದು ಗೊತ್ತಿರಲಿ. "ಪುಸ್ತಕ" ಅನ್ನುವುದನ್ನು ನೋಡಿ. ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರ್‌ಗೆ ಪ, ಉಕಾರ, ಸ, ಹಲಂತ, ತ, ಕ, ಒಟ್ಟು ಆರು. ಒಂದೊಂದಕ್ಕೂ ಮೂರು ಬೈಟ್, ಅಲ್ಲಿಗೆ 18 ಬೈಟ್. ಅದೇ ಪದ ವೆಬ್ ವಿಳಾಸದೊಳಗೆ ಬಂದರೆ ಇನ್ನೂ ಕಷ್ಟ, ಒಂದೊಂದು ಬೈಟೂ ಶೇಕಡಾ ಚಿಹ್ನೆಯ ಜೊತೆ ಎರಡಂಕಿಯಾಗಿ ಬಿಚ್ಚಿಕೊಂಡು 54 ಅಕ್ಷರ ಆಗುತ್ತೆ. ಆದ್ದರಿಂದ ಲಿಂಕ್‌ನಲ್ಲಿ ಕನ್ನಡ ಬೇಡ. ಪೆಟ್ಟಿಗೆಯ ಪಟ್ಟಿಗೆ ಹತ್ತು ಹದಿನೈದು ಪದ ಧಾರಾಳವಾಗಿ ಹಿಡಿಸುತ್ತವೆ. ಮೊದಲು ಒಂದೇ ಕೋಡ್ ಮಾಡಿ ಮನೆಯವರೆಲ್ಲರ ಫೋನಿನಲ್ಲೂ ನೋಡಿ. ಕೆಲವು ಹಳೆಯ ಆ್ಯಪ್‌ಗಳು ಲಿಪಿ ಗುರುತಿಸದೆ ಏನೇನೋ ಚಿಹ್ನೆ ತೋರಿಸುತ್ತವೆ.

ಪ್ರಶ್ನೆ: ಮನೆಗೆ ಬಂದವರಿಗೆ ವೈಫೈ ಪಾಸ್‌ವರ್ಡ್ ಹೇಳಿ ಹೇಳಿ ಸಾಕಾಗಿದೆ. ಕೋಡ್ ಮಾಡಿ ಗೋಡೆಗೆ ಹಾಕಿದರೆ ಸುರಕ್ಷಿತವಾ?

ಕೋಡ್ ಅಂದರೆ ಗುಟ್ಟಿನ ಭಾಷೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ. ವೈಫೈ ಕೋಡಿನೊಳಗೆ ನೆಟ್‌ವರ್ಕ್ ಹೆಸರು, ಭದ್ರತೆಯ ಬಗೆ, ಪಾಸ್‌ವರ್ಡ್ ಎಲ್ಲ ಇದ್ದದ್ದು ಇದ್ದಂತೆಯೇ ಬರೆದಿರುತ್ತೆ, ನಡುವೆ ಸೆಮಿಕೋಲನ್ ಅಷ್ಟೇ. ಯಾರು ಸ್ಕ್ಯಾನ್ ಮಾಡಿದರೂ ಓದಬಹುದು. ಕಿಟಕಿಯಿಂದ ಕಾಣುವ ಗೋಡೆಗೆ ಹಾಕಿದರೆ ದಾರಿಯಲ್ಲಿ ಹೋಗುವವರೂ ಓದಬಹುದು. ರೂಟರ್‌ನಲ್ಲಿ ಅತಿಥಿಗಳಿಗೆಂದೇ ಬೇರೆ ನೆಟ್‌ವರ್ಕ್ ಮಾಡಿಕೊಂಡು ಅದರ ಕೋಡ್ ಹಾಕಿ. ಪಾಸ್‌ವರ್ಡ್‌ನಲ್ಲಿ ಸೆಮಿಕೋಲನ್, ಕೋಲನ್, ಅಲ್ಪವಿರಾಮ ಇದ್ದರೆ ಕೆಲವು ಸಲ ಕೈಕೊಡುತ್ತೆ, ಅವಿಲ್ಲದ ಪಾಸ್‌ವರ್ಡ್ ಇಟ್ಟುಕೊಳ್ಳಿ. ಹಾಗೇ, ಊರಿಗೆ ಹೋಗುವಾಗ ಬ್ಯಾಗಿಗೆ ಅಂಟಿಸುವ ಕೋಡಿನಲ್ಲಿ ಮನೆ ವಿಳಾಸ ತುಂಬಬೇಡಿ, ಒಂದು ಫೋನ್ ನಂಬರ್ ಸಾಕು.

ಪ್ರಶ್ನೆ: ವ್ಯಾಪಾರಕ್ಕೆ ಬಳಸಿದರೆ ಯಾರಿಗಾದರೂ ಲೈಸೆನ್ಸ್ ದುಡ್ಡು ಕೊಡಬೇಕಾ?

ಬೇಡ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹರಾ ಮತ್ತು ಜೊತೆಗಾರರು ಇದನ್ನು ರೂಪಿಸಿದ್ದು ಕಾರ್ಖಾನೆಯ ಬಿಡಿಭಾಗಗಳ ಲೆಕ್ಕ ಇಡೋದಕ್ಕೆ. ಗೋ ಅನ್ನುವ ಆಟದ ಮಣೆಯ ಮೇಲಿನ ಕಪ್ಪು ಬಿಳಿ ಕಾಯಿಗಳನ್ನು ನೋಡಿ ಹೊಳೆಯಿತು ಅಂತ ಹರಾ ಅವರೇ ಹೇಳಿದ್ದಾರೆ. ಪೇಟೆಂಟ್ ಇದ್ದರೂ ಹಕ್ಕು ಚಲಾಯಿಸುವುದಿಲ್ಲ ಅಂತ ಕಂಪನಿ ಮೊದಲೇ ಹೇಳಿತು, 2000ದಲ್ಲಿ ಐಎಸ್‌ಒದ ಅಂತಾರಾಷ್ಟ್ರೀಯ ಮಾನದಂಡವೂ ಆಯಿತು. ಹೀಗೆ ಬಿಟ್ಟುಕೊಟ್ಟದ್ದರಿಂದಲೇ ಇಂದು ನಾವೆಲ್ಲ ಬಳಸುತ್ತಿದ್ದೇವೆ, ಅದಕ್ಕೆ ಅವರಿಗೆ ಋಣಿಯಾಗಿರಬೇಕು. ಕ್ಯೂಆರ್ ಕೋಡ್ ಅನ್ನುವ ಹೆಸರು ಮಾತ್ರ ಡೆನ್ಸೊದ ಅಂಗಸಂಸ್ಥೆ ಡೆನ್ಸೊ ವೇವ್‌ನ ನೋಂದಾಯಿತ ಟ್ರೇಡ್‌ಮಾರ್ಕ್.

ಪ್ರಶ್ನೆ: ನಮ್ಮ ಕೋಡಿನ ಮೇಲೆ ಬೇರೆಯವರು ತಮ್ಮ ಕೋಡ್ ಅಂಟಿಸಿ ಹೋದರೆ?

ಹೀಗೆ ಆಗುತ್ತೆ. ಅಸಲಿ ಕೋಡ್‌ಗಳನ್ನು ಬದಲಾಯಿಸಿ ದುಡ್ಡು ಹೊಡೆಯುವವರ ಬಗ್ಗೆ 2022ರ ಜನವರಿಯಲ್ಲಿ ಅಮೆರಿಕದ ಎಫ್‌ಬಿಐ ಎಚ್ಚರಿಕೆ ಕೊಟ್ಟಿತ್ತು. ಜನ ಓಡಾಡುವ ಜಾಗದಲ್ಲಿ, ಅದರಲ್ಲೂ ದುಡ್ಡು ಕಟ್ಟುವ ಕೋಡ್ ಇದ್ದರೆ, ದಿನಾ ಬಾಗಿಲು ತೆಗೆದಾಗ ಅದರ ಮೇಲೆ ಬೆರಳಾಡಿಸಿ ನೋಡಿ. ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಇದ್ದರೆ ಅಂಚು ಉಗುರಿಗೆ ಸಿಗುತ್ತೆ. ಸ್ಟಿಕ್ಕರ್ ಬದಲು ಬೋರ್ಡಿನ ವಿನ್ಯಾಸದೊಳಗೇ ಕೋಡ್ ಅಚ್ಚಾಗಿರಲಿ. ಸ್ವಂತ ಹೆಸರಿನ ಡೊಮೇನ್ ಬಳಸಿ ಅಂದದ್ದಕ್ಕೆ ಇದೂ ಒಂದು ಕಾರಣ: ಬೋರ್ಡಿನ ಮೇಲೆ ಬರೆದ ವಿಳಾಸವೇ ಫೋನಿನಲ್ಲೂ ಕಂಡರೆ ಜನ ಧೈರ್ಯವಾಗಿ ಒತ್ತುತ್ತಾರೆ, ಬೇರೆ ಕಂಡರೆ ನಿಲ್ಲುತ್ತಾರೆ.

ಪ್ರಶ್ನೆ: ನಮ್ಮಜ್ಜಿ ಹಳೆಯ ಆಲ್ಬಮ್ ನೋಡುತ್ತಾ ಒಂದೊಂದು ಫೋಟೊ ಬಗ್ಗೆಯೂ ಮಾತಾಡಿದ್ದನ್ನು ರೆಕಾರ್ಡ್ ಮಾಡಿಟ್ಟುಕೊಂಡಿದ್ದೇನೆ. ಫೋಟೊ ಪಕ್ಕ ಕೋಡ್ ಅಂಟಿಸಿ, ಸ್ಕ್ಯಾನ್ ಮಾಡಿದರೆ ಅಜ್ಜಿಯ ದನಿ ಕೇಳುವ ಹಾಗೆ ಮಾಡಬೇಕು. ನಮ್ಮ ಮಕ್ಕಳ ಕಾಲಕ್ಕೂ ಇದು ಉಳಿಯುತ್ತಾ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದಯವಿಟ್ಟು ಮಾಡಿ, ಆದರೆ ಹೀಗೆ ಮಾಡಿ.

ದನಿ ಕೋಡಿನೊಳಗೆ ಹಿಡಿಸುವುದಿಲ್ಲ. ಅತಿ ದೊಡ್ಡ ಕೋಡಿಗೂ 2953 ಬೈಟ್ ಮಿತಿ, ಅಷ್ಟರಲ್ಲಿ ಅಜ್ಜಿಯ ಒಂದು ಮಾತೂ ಸರಿಯಾಗಿ ಕೂರದು. ಹಾಗಾಗಿ ಕೋಡಿನಲ್ಲಿರುವುದು ಲಿಂಕ್ ಮಾತ್ರ, ಮತ್ತು ಲಿಂಕ್‌ಗಳು ಸಾಯುತ್ತವೆ. ಕಾಗದದ ಕೋಡ್ ಮಕ್ಕಳ ಕಾಲಕ್ಕೂ ಓದಲು ಬರುತ್ತೆ, ಅದು ಕರೆದೊಯ್ಯುವ ಜಾಗ ಇರುತ್ತೆ ಅನ್ನುವ ಖಾತ್ರಿ ಯಾರೂ ಕೊಡಲಾರರು.

ಆದ್ದರಿಂದ ಒಂದೊಂದು ಫೋಟೊಗೂ ಒಂದು ಅಂಕಿ ಕೊಡಿ. ಅದೇ ಅಂಕಿ ದನಿಯ ಫೈಲಿನ ಹೆಸರಾಗಲಿ, ಲಿಂಕಿನ ಕೊನೆಯಲ್ಲೂ ಅದೇ ಇರಲಿ, ಕೋಡಿನ ಕೆಳಗೆ ಕೈಯಲ್ಲೂ ಅದನ್ನೇ ಬರೆಯಿರಿ. ಲಿಂಕ್ ನಿಮ್ಮದೇ ಡೊಮೇನಿನದ್ದಾಗಿರಲಿ, ಉಚಿತ ಕೋಡ್ ಮಾಡಿಕೊಡುವವರದ್ದಂತೂ ಬೇಡ. ಎಲ್ಲ ದನಿಗಳನ್ನೂ ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದನ್ನು ಆಲ್ಬಮ್ಮಿನ ಹಿಂಬದಿಯ ರಟ್ಟಿಗೆ ಲಕೋಟೆ ಅಂಟಿಸಿ ಅದರಲ್ಲಿಡಿ, ಇನ್ನೊಂದು ಬೇರೆ ಮನೆಯಲ್ಲಿರಲಿ. ಕೆಲವು ವರ್ಷಕ್ಕೊಮ್ಮೆ ಹೊಸ ಡ್ರೈವ್‌ಗೆ ದಾಟಿಸಿ. ಕೋಡನ್ನು ಫೋಟೊದ ಮೇಲೆ ಅಂಟಿಸಬೇಡಿ, ಪಕ್ಕದ ಹಾಳೆಗೆ ಅಂಟಿಸಿ. ಅಂಟು ಫೋಟೊ ಕೆಡಿಸುತ್ತೆ.

ಇನ್ನೊಂದು ಕೆಲಸ ಇದೆ. ಅಜ್ಜಿ ಇನ್ನೂ ಹತ್ತಿರ ಇದ್ದರೆ, ಮೊದಲ ಕೋಡ್ ಅಂಟಿಸಿ ಅವರ ಕೈಗೇ ಫೋನ್ ಕೊಟ್ಟು ಸ್ಕ್ಯಾನ್ ಮಾಡಿಸಿ. ಅವರ ಕೈಯಲ್ಲಿ ಸಲೀಸಾಗಿ ಆದರೆ ಅಳತೆ ಸರಿಯಿದೆ, ಉಳಿದ ಕೋಡ್‌ಗಳನ್ನೂ ಅದೇ ಅಳತೆಯಲ್ಲಿ ಅಚ್ಚು ಹಾಕಿಸಿ.